ಕಪ್ಪುಕುಳಿಗೆ ಬೀಳುವುದೇ ಕಷ್ಟ

ಪ್ರಶ್ನೆ: ಕಪ್ಪುಕುಳಿ ತನ್ನ ಸುತ್ತಮುತ್ತ ಇರುವುದನ್ನೆಲ್ಲ ನುಂಗಿಹಾಕುತ್ತದೆ ಎಂದು ಏಳನೇ ತರಗತಿಯ ನನ್ನ ಮೊಮ್ಮಗಳಿಗೆ ಹೇಳಿದೆ. ‘ಅದರ ಸುತ್ತ ನಕ್ಷತ್ರಗಳು ಸುತ್ತುತ್ತಿವೆ ಅಂತಾರಲ್ಲ ತಾತ, ಅವನ್ನು ಯಾಕೆ ಇನ್ನೂ ನುಂಗಿಲ್ಲ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಕಪ್ಪುಕುಳಿಯ ಸುತ್ತ ವಸ್ತುಗಳು ನಿಜವಾಗಿಯೂ ಕಕ್ಷೆಯಲ್ಲಿ ಸುತ್ತಬಲ್ಲವೆ? ಹೌದಾದರೆ ಎಷ್ಟು ಹತ್ತಿರದವರೆಗೆ?
— ನಿವೃತ್ತ ಗುಮಾಸ್ತರೊಬ್ಬರು

ಉತ್ತರ: ಸುತ್ತಬಲ್ಲವು. ಅಷ್ಟೇ ಏಕೆ, ಸುತ್ತುವುದೇ ಸಾಮಾನ್ಯ, ಬೀಳುವುದು ಅಪರೂಪ. ನೀವು ಮೊಮ್ಮಗಳಿಗೆ ಹೇಳಿದ ತಪ್ಪನ್ನು ನಾನು ಸಂಬಳ ತೆಗೆದುಕೊಂಡೇ ಹನ್ನೊಂದು ವರ್ಷ ಹೇಳಿದ್ದೇನೆ, ಹಾಗಾಗಿ ಬೇಸರ ಬೇಡ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಬೋರ್ಡಿನ ಮೇಲೆ ಒಂದು ತೊಟ್ಟಿ, ಅದರ ತಳದಲ್ಲೊಂದು ತೂತು, ನೀರು ಸುಳಿ ಸುತ್ತಿ ಇಳಿಯುವ ಚಿತ್ರ ಬರೆದು ‘ಇದೇ ನೋಡಿ ಕಪ್ಪುಕುಳಿ’ ಎಂದು ಪಾಠ ಮುಗಿಸಿಬಿಡುತ್ತಿದ್ದೆ. ಒಂದು ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮಿಸ್, ಸೂರ್ಯನೂ ಎಳೀತಾನೆ, ಕಪ್ಪುಕುಳಿನೂ ಎಳಿಯುತ್ತೆ. ಎಳಿಯೋದ್ರಲ್ಲಿ ಏನು ವ್ಯತ್ಯಾಸ?’ ಎಂದಳು. ‘ಅದರದು ಭಾರಿ ಎಳೆತ, ಕೂತ್ಕೊ’ ಎಂದೆ. ಗಂಟೆ ಹೊಡೆಯಿತು, ಬದುಕಿದೆ. ಆದರೆ ಅವತ್ತು ಸಂಜೆ, ತಿದ್ದಲು ತಂದಿದ್ದ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಲು ಕೂತವಳು ನನ್ನ ಉತ್ತರಕ್ಕೇ ಸೊನ್ನೆ ಹಾಕಿಕೊಳ್ಳಬೇಕಾಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ.

ಸೂರ್ಯನನ್ನು ಅದರ ದ್ರವ್ಯರಾಶಿ ಒಂದಿಷ್ಟೂ ಕಡಿಮೆಯಾಗದಂತೆ ಹಿಂಡಿ ಹಿಂಡಿ ಕಪ್ಪುಕುಳಿ ಮಾಡಿದಿರಿ ಎಂದುಕೊಳ್ಳಿ. (ನಿಜದಲ್ಲಿ ಸೂರ್ಯನಿಗೆ ಆ ಗತಿ ಬರುವುದಿಲ್ಲ, ಅದಕ್ಕೆ ಬೇಕಾದಷ್ಟು ದ್ರವ್ಯ ಅದರಲ್ಲಿಲ್ಲ.) ಈಗ ಸುಮಾರು 7 ಲಕ್ಷ ಕಿ.ಮೀ. ಇರುವ ಅದರ ತ್ರಿಜ್ಯ ಆಗ ಕೇವಲ 3 ಕಿ.ಮೀ. ಆಗುತ್ತದೆ. ಆ 3 ಕಿ.ಮೀ. ಗಡಿಗೆ ಘಟನಾ ದಿಗಂತ ಎಂದು ಹೆಸರು. ಅದನ್ನು ದಾಟಿ ಒಳಗೆ ಹೋದದ್ದು, ಬೆಳಕಾದರೂ ಸರಿ, ಹೊರಗೆ ಬರುವುದಿಲ್ಲ. ಸರಿ, 15 ಕೋಟಿ ಕಿ.ಮೀ. ದೂರದಲ್ಲಿರುವ ಭೂಮಿಗೆ ಏನಾಗುತ್ತದೆ? ಕತ್ತಲಾಗುತ್ತದೆ, ಹೆಪ್ಪುಗಟ್ಟುವ ಚಳಿಯಾಗುತ್ತದೆ. ಆದರೆ ಕಕ್ಷೆ ಕೂದಲೆಳೆಯಷ್ಟೂ ಕದಲುವುದಿಲ್ಲ. ಅದೇ ದಾರಿ, ಅದೇ ಸೆಕೆಂಡಿಗೆ 30 ಕಿ.ಮೀ. ವೇಗ, ವರ್ಷಕ್ಕೆ ಅದೇ 365 ಚಿಲ್ಲರೆ ದಿನ. ಏಕೆಂದರೆ ದೂರದಲ್ಲಿರುವವರಿಗೆ ಗುರುತ್ವ ಕೇಳುವುದು ಎರಡೇ ಪ್ರಶ್ನೆ: ದ್ರವ್ಯರಾಶಿ ಎಷ್ಟು, ಅಂತರ ಎಷ್ಟು. ಆ ದ್ರವ್ಯ ಹರಡಿಕೊಂಡಿದೆಯೋ ಮುದುಡಿಕೊಂಡಿದೆಯೋ ಅದಕ್ಕೆ ಬೇಕಿಲ್ಲ. ಉರುಟು ವಸ್ತುಗಳ ಮಟ್ಟಿಗೆ ಇದನ್ನು ನ್ಯೂಟನ್ ಅವರೇ ಸಾಧಿಸಿ ತೋರಿಸಿದ್ದರು.

ಹುಡುಗಿಯ ಪ್ರಶ್ನೆಗೆ ನಾನು ಅಂದು ಕೊಡಬೇಕಿದ್ದ ಉತ್ತರವೂ ಇದೇ. ಅಷ್ಟೇ ದ್ರವ್ಯರಾಶಿ, ಅಷ್ಟೇ ದೂರ ಇದ್ದರೆ ಎಳೆತದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಸೂರ್ಯನ ಹತ್ತಿರ ಹೋಗುತ್ತ ಹೋದರೆ 7 ಲಕ್ಷ ಕಿ.ಮೀ.ನಲ್ಲಿ ಮೈಗೆ ಡಿಕ್ಕಿ ಹೊಡೆಯುತ್ತೀರಿ. ಕಪ್ಪುಕುಳಿಗೆ ಹಾಗೆ ಅಡ್ಡ ಬರುವ ಮೈ ಇಲ್ಲ, ಇನ್ನೂ ಹತ್ತಿರ, ಇನ್ನೂ ಹತ್ತಿರ ಹೋಗಬಹುದು. ಭಾರಿ ಎಳೆತ ಎನ್ನುವುದು ಆ ಹತ್ತಿರದಲ್ಲಿ ಸಿಗುವಂಥದ್ದು, ದೂರದವರನ್ನು ಹುಡುಕಿಕೊಂಡು ಬರುವಂಥದ್ದಲ್ಲ.

ಇನ್ನು ಬೀಳುವ ವಿಚಾರ. ನನಗೆ ಆ ಸಂಜೆ ನಗು ತರಿಸಿದ್ದು ಈ ಭಾಗ. ಭೂಮಿ ಯಾವಾಗಲೂ ಸೂರ್ಯನ ಕಡೆಗೆ ಬೀಳುತ್ತಲೇ ಇದೆ, ಆದರೆ ಪಕ್ಕಕ್ಕೆ ಓಡುವ ವೇಗ ಇರುವುದರಿಂದ ಪ್ರತಿ ಸಲವೂ ಗುರಿ ತಪ್ಪುತ್ತದೆ. ಹೀಗೆ ತಪ್ಪುತ್ತಲೇ ಇರುವ ಬೀಳುವಿಕೆಗೇ ನಾವು ಕಕ್ಷೆ ಎನ್ನುವುದು. ಬೀಳಿಸಬೇಕೆಂದರೆ ಆ ಅಡ್ಡ ಓಟವನ್ನು ಕೊಲ್ಲಬೇಕು. ಭೂಮಿಯ 30 ಕಿ.ಮೀ. ವೇಗವನ್ನು ಸೆಕೆಂಡಿಗೆ ಸುಮಾರು 2.9 ಕಿ.ಮೀ.ಗೆ ಇಳಿಸಿದರೆ ಅದು ಈಗಿನ ಸೂರ್ಯನ ಮೈಗೆ ಸವರಿಕೊಂಡು ಹೋಗಿ ಸುಟ್ಟುಹೋಗುತ್ತದೆ. ಅದೇ ಸೂರ್ಯ ಕಪ್ಪುಕುಳಿಯಾಗಿದ್ದರೆ? 2.9 ಕಿ.ಮೀ. ವೇಗ ಉಳಿದಿರುವ ಭೂಮಿ ಕಪ್ಪುಕುಳಿಯ ಹತ್ತಿರ ರಪ್ಪನೆ ತಿರುಗಿ ಮತ್ತೆ ದೂರಕ್ಕೆ ಹೊರಟುಬಿಡುತ್ತದೆ. (ಆ ತಿರುವಿನಲ್ಲಿ ಭೂಮಿ ಇಡಿಯಾಗಿ ಉಳಿಯುತ್ತದೆಯೇ ಎಂಬ ಮಾತನ್ನು ಆಮೇಲೆ ನೋಡೋಣ.) ಒಳಗೆ ಬೀಳಬೇಕಾದರೆ ಅಡ್ಡವೇಗ ಸೆಕೆಂಡಿಗೆ 12 ಮೀಟರಿಗಿಂತ ಕಡಿಮೆ ಇರಬೇಕು. ಗಂಟೆಗೆ 43 ಕಿ.ಮೀ., ಒಂದು ಸ್ಕೂಟರಿನ ವೇಗ! ಇಡೀ ಭೂಗೋಳವನ್ನು ಬ್ರೇಕ್ ಹಾಕಿ ಸ್ಕೂಟರಿನ ವೇಗಕ್ಕೆ ತಂದು ನಿಲ್ಲಿಸಿದರೆ ಮಾತ್ರ ಆ ‘ಭಯಂಕರ’ ಕಪ್ಪುಕುಳಿ ಅದನ್ನು ನುಂಗೀತು. ಅದೂ ತಕ್ಷಣವಲ್ಲ, ಬಿದ್ದು ತಲುಪಲು 65 ದಿನ ಹಿಡಿಯುತ್ತದೆ.

ಕಾರಣ ಸರಳ. ಕಪ್ಪುಕುಳಿ ತುಂಬಾ ಚಿಕ್ಕದು. ಚಿಕ್ಕ ಗುರಿಗೆ ಕಲ್ಲು ತಾಗಿಸುವುದು ಕಷ್ಟ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಎಷ್ಟು ಹತ್ತಿರದವರೆಗೆ? ನ್ಯೂಟನ್ ಅವರನ್ನು ಕೇಳಿದರೆ ಎಷ್ಟು ಹತ್ತಿರವಾದರೂ ಸರಿ, ಅದಕ್ಕೆ ತಕ್ಕ ವೇಗ ಇದ್ದರಾಯಿತು ಎನ್ನುತ್ತಾರೆ. ಐನ್‌ಸ್ಟೈನ್ ಒಪ್ಪುವುದಿಲ್ಲ. ಅವರ ಗುರುತ್ವ ಸಿದ್ಧಾಂತ 1915ರ ಕೊನೆಯಲ್ಲಿ ಹೊರಬಂದ ಕೆಲವೇ ವಾರಗಳಲ್ಲಿ, ಮಹಾಯುದ್ಧದಲ್ಲಿ ಸೇನೆಯ ಸೇವೆಯಲ್ಲಿದ್ದ ಜರ್ಮನ್ ಖಗೋಳವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಅದರ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರ ಕಂಡುಹಿಡಿದರು. 1916ರ ಮೇ ತಿಂಗಳಲ್ಲಿ ಕಾಯಿಲೆಯಿಂದ ತೀರಿಯೂಹೋದರು. ತಮ್ಮ ಸಮೀಕರಣದಲ್ಲಿ ಕಪ್ಪುಕುಳಿ ಅಡಗಿ ಕುಳಿತಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಆ ಹೆಸರೂ ಆಗ ಹುಟ್ಟಿರಲಿಲ್ಲ. ಆ ಪರಿಹಾರದಿಂದ ಹೊರಡುವ ಲೆಕ್ಕ ಹೀಗಿದೆ: ತನ್ನ ಅಕ್ಷದ ಮೇಲೆ ತಿರುಗದೇ ಇರುವ ಕಪ್ಪುಕುಳಿಯಾದರೆ, ಘಟನಾ ದಿಗಂತದ ತ್ರಿಜ್ಯದ ಮೂರು ಪಟ್ಟು ದೂರದವರೆಗೆ ಮಾತ್ರ ಕಕ್ಷೆಗಳು ಸ್ಥಿರವಾಗಿರುತ್ತವೆ. ನಮ್ಮ 3 ಕಿ.ಮೀ. ಕಪ್ಪುಕುಳಿಗೆ ಇದು 9 ಕಿ.ಮೀ. ಆ ಅಂಚಿನಲ್ಲಿ ಸುತ್ತುವ ಕಲ್ಲೊಂದನ್ನು ದೂರದಿಂದ ನೋಡಿದರೆ ಸೆಕೆಂಡಿಗೆ 2,200 ಸುತ್ತು ಹಾಕುತ್ತಿರುತ್ತದೆ. ಅದರ ಪಕ್ಕದಲ್ಲೇ ಕದಲದೆ ನಿಂತು ಅಳೆಯಬಲ್ಲವರಿಗೆ ಅದರ ವೇಗ ಬೆಳಕಿನ ವೇಗದ ಸರಿಯಾಗಿ ಅರ್ಧ.

ಅದಕ್ಕಿಂತ ಒಳಗೆ ಏಕಾಗದು? ಮಾಮೂಲಾಗಿ, ಹತ್ತಿರ ಬಂದಷ್ಟೂ ವಸ್ತುವಿನ ಅಡ್ಡ ಓಟ ಜೋರಾಗುತ್ತದೆ, ಆ ಓಟವೇ ಅದನ್ನು ಹೊರಕ್ಕೆ ಹಿಡಿದಿಡುತ್ತದೆ. ಐನ್‌ಸ್ಟೈನರ ಪ್ರಪಂಚದಲ್ಲಿ ಶಕ್ತಿಗೂ ತೂಕವಿದೆ. ಓಟ ಅತಿಯಾದಾಗ ಆ ಓಟದ ಶಕ್ತಿಯನ್ನೇ ಗುರುತ್ವ ಹಿಡಿದು ಎಳೆಯತೊಡಗುತ್ತದೆ. ಕಾಪಾಡುತ್ತಿದ್ದದ್ದೇ ಕೈಕೊಡುತ್ತದೆ. 9 ಕಿ.ಮೀ. ಒಳಗೂ ವೃತ್ತಾಕಾರದ ಕಕ್ಷೆಗಳು ಲೆಕ್ಕದಲ್ಲಿ ಇವೆ, ಆದರೆ ಗುಡ್ಡದ ನೆತ್ತಿಯ ಮೇಲೆ ಇಟ್ಟ ಗೋಲಿಯ ಹಾಗೆ: ಉಫ್ ಎಂದರೆ ಒಳಕ್ಕೋ ಹೊರಕ್ಕೋ ಉರುಳಿತು. ಇನ್ನೂ ಒಳಗೆ, ದಿಗಂತದ ಒಂದೂವರೆ ಪಟ್ಟು ದೂರದಲ್ಲಿ, ಅಂದರೆ ನಮ್ಮ ಉದಾಹರಣೆಯಲ್ಲಿ 4.5 ಕಿ.ಮೀ.ನಲ್ಲಿ, ಬೆಳಕೇ ವೃತ್ತ ಹಾಕಬಲ್ಲದು, ಅದೂ ಹೀಗೆಯೇ ಅಸ್ಥಿರವಾಗಿ. ಅಲ್ಲಿಂದ ಒಳಗೆ ಕಕ್ಷೆ ಎಂಬ ಮಾತೇ ಇಲ್ಲ. ಆದರೂ ಎಂಜಿನ್ ಗಟ್ಟಿಯಾಗಿದ್ದರೆ ದಿಗಂತ ದಾಟುವವರೆಗೂ ಹೊರಗೆ ಬರಲು ಅವಕಾಶವಿದೆ ಎಂಬುದನ್ನು ಮರೆಯಬೇಡಿ.

ಇದೆಲ್ಲ ತಿರುಗದ ಕಪ್ಪುಕುಳಿಯ ಕಥೆ. ನಿಜವಾದವು ತಿರುಗುತ್ತವೆ, ತಮ್ಮೊಂದಿಗೆ ಸುತ್ತಲಿನ ಜಾಗವನ್ನೂ ತಿರುವಿಕೊಂಡು ಹೋಗುತ್ತವೆ. ಅದು ತಿರುಗುವ ದಿಕ್ಕಿನಲ್ಲೇ ಸುತ್ತಿದರೆ ಇನ್ನೂ ಹತ್ತಿರ ಹೋಗಬಹುದು, ಎದುರು ದಿಕ್ಕಿನಲ್ಲಾದರೆ ದೂರವೇ ಉಳಿಯಬೇಕು.

ಸುತ್ತುವ ವಸ್ತು ಯಾವುದು ಎಂಬುದೂ ಮುಖ್ಯ. ನಮ್ಮ ಆಕಾಶಗಂಗೆಯ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ಭಾರ. ಅದರ ದಿಗಂತದ ತ್ರಿಜ್ಯ ಸುಮಾರು 1.3 ಕೋಟಿ ಕಿ.ಮೀ. ಸೂರ್ಯನಂಥ ನಕ್ಷತ್ರವೊಂದು ಅದರ ಹತ್ತಿರ ಹೋದರೆ, 11 ಕೋಟಿ ಕಿ.ಮೀ. ಸುಮಾರಿನಲ್ಲೇ ಹರಿದುಹೋಗುತ್ತದೆ. ಮುಂಬದಿಯ ಮೇಲಿನ ಎಳೆತಕ್ಕೂ ಹಿಂಬದಿಯ ಮೇಲಿನ ಎಳೆತಕ್ಕೂ ಇರುವ ವ್ಯತ್ಯಾಸವನ್ನು ಅದರ ಸ್ವಂತ ಗುರುತ್ವ ತಡೆದುಕೊಳ್ಳಲಾರದು. ಸಮುದ್ರದಲ್ಲಿ ಉಬ್ಬರ ತರುವುದು ಇದೇ ವ್ಯತ್ಯಾಸ, ಇಲ್ಲಿ ಅದು ವಿಪರೀತಕ್ಕೆ ಹೋಗಿರುತ್ತದೆ. ನಮ್ಮ ಲೆಕ್ಕದಲ್ಲಿ 2.9 ಕಿ.ಮೀ. ವೇಗ ಉಳಿದಿದ್ದ ಭೂಮಿಗೂ ತಿರುವಿನಲ್ಲಿ ಇದೇ ಗತಿ. ಚೂರುಗಳು ಮಾತ್ರ ದಾರಿ ಬಿಡದೆ ಓಡುತ್ತವೆ.

ಸಾಕ್ಷಿ ಇದೆಯೇ ಎಂದು ನಿಮ್ಮ ಮೊಮ್ಮಗಳು ಕೇಳಿಯೇ ಕೇಳುತ್ತಾಳೆ. ಎಸ್-2 ಎಂಬ ನಕ್ಷತ್ರವಿದೆ. ಅದು ಈ ಸ್ಯಾಜಿಟೇರಿಯಸ್ ಎ-ಸ್ಟಾರ್ ಸುತ್ತ 16 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. ಎರಡು ತಂಡಗಳು, ಒಂದರ ಮುಂದಾಳು ರೈನ್‌ಹಾರ್ಡ್ ಗೆಂಜೆಲ್, ಇನ್ನೊಂದರವರು ಆಂಡ್ರಿಯಾ ಗೇಜ್, 1990ರ ದಶಕದಿಂದ ವರ್ಷ ವರ್ಷವೂ ಅದರ ಸ್ಥಾನ ಗುರುತಿಸುತ್ತ ಬಂದು ಕಕ್ಷೆಯನ್ನು ಚುಕ್ಕಿ ಚುಕ್ಕಿ ಸೇರಿಸಿ ಬಿಡಿಸಿದರು. 2020ರ ನೊಬೆಲ್ ಪ್ರಶಸ್ತಿಯ ಅರ್ಧಪಾಲು ಅವರಿಬ್ಬರಿಗೆ ಬಂತು, ಉಳಿದರ್ಧ ರೋಜರ್ ಪೆನ್‌ರೋಸ್ ಅವರಿಗೆ. 2018ರ ಮೇ ತಿಂಗಳಲ್ಲಿ ಎಸ್-2 ಕಪ್ಪುಕುಳಿಗೆ ಅತಿ ಹತ್ತಿರ ಬಂದಾಗ ನಡುವಿನ ಅಂತರ ಸುಮಾರು 1,800 ಕೋಟಿ ಕಿ.ಮೀ., ವೇಗ ಸೆಕೆಂಡಿಗೆ 7,600 ಕಿ.ಮೀ.ಗೂ ಹೆಚ್ಚು. ಬಂತು, ತಿರುಗಿತು, ಹೋಯಿತು. ಇನ್ನು 2034ರ ಸುಮಾರಿಗೆ ಮತ್ತೆ ಬರುತ್ತದೆ. ಅದರ ಅಂಡಾಕಾರದ ದಾರಿ ಸುತ್ತಿನಿಂದ ಸುತ್ತಿಗೆ ಒಂದಿಷ್ಟೇ ಓರೆಯಾಗುತ್ತದೆ ಎಂಬುದೂ 2020ರಲ್ಲಿ ಖಚಿತವಾಯಿತು. ಬುಧ ಗ್ರಹದ ಕಕ್ಷೆಯಲ್ಲಿ ಐನ್‌ಸ್ಟೈನ್ ವಿವರಿಸಿದ್ದ ಓರೆಯೇ ಇದು, ಅಲ್ಲಿಗಿಂತ ಬಹಳ ದೊಡ್ಡದು.

ಅದೇ 2018ರಲ್ಲಿ ಇನ್ನೂ ಹತ್ತಿರದ ನೋಟ ಸಿಕ್ಕಿತು. ಚಿಲಿ ದೇಶದಲ್ಲಿರುವ ನಾಲ್ಕು ದೊಡ್ಡ ದೂರದರ್ಶಕಗಳನ್ನು ಒಂದುಗೂಡಿಸಿ ನೋಡುವ ಗ್ರ್ಯಾವಿಟಿ ಎಂಬ ಉಪಕರಣಕ್ಕೆ, ಕಪ್ಪುಕುಳಿಯ ಅಂಚಿನಲ್ಲಿ ಕಾದ ಅನಿಲದ ಮಿಂಚೊಂದು ಬೆಳಕಿನ ವೇಗದ ಶೇಕಡ 30ರಷ್ಟು ವೇಗದಲ್ಲಿ, ಮುಕ್ಕಾಲು ಗಂಟೆಗೊಂದು ಸುತ್ತಿನ ಲೆಕ್ಕದಲ್ಲಿ ತಿರುಗುವುದು ಕಂಡಿತು. ಸೂರ್ಯನ ಸುತ್ತ ಬುಧನಿಗೆ ಒಂದು ಸುತ್ತಿಗೆ 88 ದಿನ ಬೇಕು. ಹೆಚ್ಚುಕಡಿಮೆ ಬುಧನ ಕಕ್ಷೆಯಷ್ಟೇ ದೊಡ್ಡ ದಾರಿಯನ್ನು ಈ ಮಿಂಚು ಒಂದು ಪೀರಿಯಡ್ ಮುಗಿಯುವುದರೊಳಗೆ ಸುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ 2022ರಲ್ಲಿ ಪ್ರಕಟವಾದ ಗಾಯಾ ಬಿಎಚ್-1. ಸುಮಾರು 1,560 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಸೂರ್ಯನಂಥದ್ದೇ ಒಂದು ನಕ್ಷತ್ರ ಕಾಣದ ಯಾವುದನ್ನೋ 186 ದಿನಕ್ಕೊಮ್ಮೆ ಸುತ್ತುತ್ತಿದೆ. ಆ ಕಾಣದ ವಸ್ತುವಿನ ದ್ರವ್ಯರಾಶಿ ಸೂರ್ಯನ 9 ಪಟ್ಟಿಗಿಂತ ಹೆಚ್ಚು. ಮಿಂಚಿಲ್ಲ, ಎಕ್ಸ್-ಕಿರಣದ ಅಬ್ಬರವಿಲ್ಲ, ಯಾರೂ ಯಾರನ್ನೂ ನುಂಗುತ್ತಿಲ್ಲ. ನಕ್ಷತ್ರ ಒಂದಿಷ್ಟು ತೂಗಾಡುವುದನ್ನು ಅಳೆದು, ಅಲ್ಲೊಂದು ಕಪ್ಪುಕುಳಿ ಇದೆ ಎಂದು ತಿಳಿದುಕೊಳ್ಳಬೇಕಾಯಿತು. ಕೊನೆಯ ಬೆಂಚಿನ ಹುಡುಗಿಗೆ ತೋರಿಸಬೇಕಾಗಿದ್ದ ಚಿತ್ರ ಇದು.

ಹಾಗಾದರೆ ತೊಟ್ಟಿಯ ಚಿತ್ರ ಪೂರ್ತಿ ಸುಳ್ಳೇ? ಇಲ್ಲೊಂದು ತಮಾಷೆ ಇದೆ. ನಮ್ಮ ವಿಜ್ಞಾನ ಪ್ರದರ್ಶನದಲ್ಲಿ ನಾಲ್ಕು ಮಕ್ಕಳಿಗೆ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿಸಿ, ಆಟದ ಕೋಣೆಯಿಂದ ತಂದ ಗುಂಡು ಎಸೆತದ ಕಬ್ಬಿಣದ ಗುಂಡನ್ನು ನಡುವೆ ಇಟ್ಟು, ಅದರ ಸುತ್ತ ಗೋಲಿ ಉರುಳಿಸುತ್ತಿದ್ದೆವು. ಗ್ರಹಗಳು ಹೀಗೆ ಸುತ್ತುತ್ತವೆ ಎಂದು ತೋರಿಸಲು. ಆದರೆ ಗೋಲಿ ನಾಲ್ಕು ಸುತ್ತು ಹಾಕಿ ಗುಂಡಿಗೆ ಟಣ್ ಎಂದು ಬಡಿದು ನಿಲ್ಲುತ್ತಿತ್ತು, ನೋಡುವವರು ನಗುತ್ತಿದ್ದರು. ತಪ್ಪು ಬಟ್ಟೆಯದು: ಉಜ್ಜಿ ಉಜ್ಜಿ ಗೋಲಿಯ ಓಟ ಕಸಿಯುತ್ತಿತ್ತು. ಖಾಲಿ ಆಕಾಶದಲ್ಲಿ ಗ್ರಹವನ್ನು ಹೀಗೆ ಉಜ್ಜುವವರಿಲ್ಲ. ಅನಿಲವಾದರೋ ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ! ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಹರಡಿದ ಅನಿಲದಲ್ಲಿ ಒಳಗಿನ ಪದರ ವೇಗವಾಗಿ, ಹೊರಗಿನದು ನಿಧಾನವಾಗಿ ಸುತ್ತುತ್ತದೆ. ಕಾಂತಕ್ಷೇತ್ರದ ಎಳೆಗಳು ಅವೆರಡನ್ನೂ ಜಗ್ಗಾಡುತ್ತವೆ. ಒಳಗಿನದು ತನ್ನ ಓಟವನ್ನು ಹೊರಗಿನದಕ್ಕೆ ದಾಟಿಸಿ ತಾನು ಇಳಿಯುತ್ತ ಬರುತ್ತದೆ. ಆ ಇಳಿತದಲ್ಲಿ ಕಾದು ಉರಿಯುತ್ತದೆ. ಹೈಡ್ರೊಜನ್ ಬೆಸುಗೆಯಾಗಿ ಹೀಲಿಯಂ ಆಗುವಾಗ ದ್ರವ್ಯರಾಶಿಯ ಶೇಕಡ 0.7 ಭಾಗ ಶಕ್ತಿಯಾಗುತ್ತದಷ್ಟೆ. ತಿರುಗದ ಕಪ್ಪುಕುಳಿಯ ಸುತ್ತ ಅನಿಲ ಕೊನೆಯ ಸ್ಥಿರ ಕಕ್ಷೆಯವರೆಗೆ ಇಳಿಯುವಷ್ಟರಲ್ಲಿ ಶೇಕಡ 6ರ ಹತ್ತಿರ ಹೊರಬಿದ್ದಿರುತ್ತದೆ. ಸಿಗ್ನಸ್ ಎಕ್ಸ್-1ನ ಎಕ್ಸ್-ಕಿರಣಗಳು ಬರುವುದು ಇಂಥ ತಟ್ಟೆಯಿಂದಲೇ. ಅಲ್ಲಿ ನೀಲಿ ದೈತ್ಯ ನಕ್ಷತ್ರವೊಂದು ಕಪ್ಪುಕುಳಿಯೊಂದಿಗೆ 5.6 ದಿನಕ್ಕೊಂದು ಸುತ್ತು ಹಾಕುತ್ತ ತನ್ನ ಅನಿಲವನ್ನು ಕಳೆದುಕೊಳ್ಳುತ್ತಿದೆ. ಹೀಗೆ ಗ್ರಹಗಳಿಗೆ ಹೊಂದದ ನನ್ನ ಬೆಡ್‌ಶೀಟು ಅನಿಲಕ್ಕೆ ಸರಿಯಾಗಿ ಹೊಂದುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಪ್ರದರ್ಶನ ಮುಗಿದು ಬೆಡ್‌ಶೀಟು ಮಡಚಿ ಇಟ್ಟಾಗಿತ್ತು.

ಪ್ರಶ್ನೆ: ಮೇಡಂ, ಚಂದ್ರ ಭೂಮಿಯನ್ನು, ಭೂಮಿ ಸೂರ್ಯನನ್ನು ಸುತ್ತುವ ಹಾಗೆ ಸೂರ್ಯ ಆಕಾಶಗಂಗೆಯ ನಡುವಿನ ಕಪ್ಪುಕುಳಿಯನ್ನು ಸುತ್ತುತ್ತಾನೆ ಅಲ್ಲವೆ?
— ದ್ವಿತೀಯ ಪಿಯು ವಿದ್ಯಾರ್ಥಿ

ಉತ್ತರ: ಕೇಳಲು ಚೆನ್ನಾಗಿದೆ, ಸರಿಯಿಲ್ಲ. ಸೂರ್ಯ ಆಕಾಶಗಂಗೆಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದು, 20 ಕೋಟಿ ವರ್ಷಕ್ಕೂ ಹೆಚ್ಚು ಸಮಯ ತೆಗೆದುಕೊಂಡು ಒಂದು ಸುತ್ತು ಬರುತ್ತಾನೆ. ಕಪ್ಪುಕುಳಿ ನಡುವಿನಲ್ಲೇ ಕೂತಿರುವುದೂ ನಿಜ. ಆದರೆ ಸೂರ್ಯನನ್ನು ಹಿಡಿದಿಟ್ಟಿರುವುದು ಅದಲ್ಲ. ಸೂರ್ಯನ ಕಕ್ಷೆಯ ಒಳಗಿರುವ ನಕ್ಷತ್ರ, ಅನಿಲ, ಕಾಣದ ದ್ರವ್ಯ ಎಲ್ಲ ಸೇರಿ ಹತ್ತು ಸಾವಿರ ಕೋಟಿ ಸೂರ್ಯರ ಸುಮಾರಿನಷ್ಟಿದೆ. ಕಪ್ಪುಕುಳಿಯ ಪಾಲು 43 ಲಕ್ಷ. ಭಾಗಾಕಾರ ನೀನೇ ಮಾಡಿ ನೋಡು: ಹೆಚ್ಚುಕಡಿಮೆ ಇಪ್ಪತ್ತಮೂರು ಸಾವಿರದಲ್ಲಿ ಒಂದು ಪಾಲು. ನಾಳೆ ಆ ಕಪ್ಪುಕುಳಿಯನ್ನು ಯಾರಾದರೂ ಕದ್ದುಕೊಂಡು ಹೋದರೆ ಎಸ್-2 ತನ್ನ ದಾರಿ ಬಿಟ್ಟು ಓಡಿಹೋಗುತ್ತದೆ, ನಮ್ಮ ಸೂರ್ಯನಿಗೆ ಗೊತ್ತೂ ಆಗುವುದಿಲ್ಲ. ಸೌರವ್ಯೂಹದಲ್ಲಿ ದ್ರವ್ಯದ ಶೇಕಡ 99ಕ್ಕೂ ಹೆಚ್ಚು ಪಾಲು ಸೂರ್ಯನಲ್ಲೇ ಇರುವುದರಿಂದ ಒಬ್ಬ ಯಜಮಾನ, ಸುತ್ತ ಉಳಿದವರು ಎಂಬ ಚಿತ್ರ ಸರಿಹೋಗುತ್ತದೆ. ಗೆಲಾಕ್ಸಿಯಲ್ಲಿ ಅಂಥ ಯಜಮಾನನಿಲ್ಲ, ಎಲ್ಲರೂ ಎಲ್ಲರನ್ನೂ ಎಳೆದುಕೊಂಡು ಸುತ್ತುತ್ತಿದ್ದಾರೆ.

ಪ್ರಶ್ನೆ: ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಬಹುದೆ? ಸುತ್ತಿದರೆ ಶಾಶ್ವತವಾಗಿ ಸುತ್ತುತ್ತವೆಯೆ?
— ಓದುಗರೊಬ್ಬರು

ಉತ್ತರ: ಸುತ್ತುತ್ತವೆ, ಶಾಶ್ವತವಾಗಿ ಅಲ್ಲ. ಮೊದಲ ಉತ್ತರದಲ್ಲಿ ಖಾಲಿ ಆಕಾಶದಲ್ಲಿ ಉಜ್ಜುವವರಿಲ್ಲ ಎಂದೆ, ಅದಕ್ಕೊಂದು ಸಣ್ಣ ತಿದ್ದುಪಡಿ ಇದೆ. ಸುತ್ತುವ ಯಾವುದೇ ಜೋಡಿ ಗುರುತ್ವ ಅಲೆಗಳನ್ನು, ಅಂದರೆ ಜಾಗದಲ್ಲೇ ಏಳುವ ತೆರೆಗಳನ್ನು, ಹೊರಡಿಸಿ ಚೂರು ಚೂರೇ ಶಕ್ತಿ ಕಳೆದುಕೊಳ್ಳುತ್ತದೆ. ಸೂರ್ಯನನ್ನು ಸುತ್ತುವ ಭೂಮಿ ಹೀಗೆ ಕಳೆದುಕೊಳ್ಳುವುದು ಸುಮಾರು 200 ವ್ಯಾಟ್, ಹಳೆಯ ಕಾಲದ ಎರಡು ನೂರು ವ್ಯಾಟ್ ಬಲ್ಬು ಉರಿಸುವಷ್ಟು. ಇಡೀ ಭೂಮಿಗೆ ಇದು ಲೆಕ್ಕಕ್ಕೇ ಬಾರದು. ಆದರೆ ಎರಡು ಕಪ್ಪುಕುಳಿಗಳು ತೀರ ಹತ್ತಿರ ಬಂದಾಗ ಇದೇ ಸೋರಿಕೆ ಪ್ರವಾಹವಾಗುತ್ತದೆ. ಶಕ್ತಿ ಕಳೆದಷ್ಟೂ ಹತ್ತಿರ, ಹತ್ತಿರವಾದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಇನ್ನಷ್ಟು ನಷ್ಟ.

2015ರ ಸೆಪ್ಟೆಂಬರ್ 14ರಂದು ಈ ಅಲೆಗಳನ್ನು ಹಿಡಿಯಲೆಂದೇ ಇರುವ ಅಮೆರಿಕದ ಲೈಗೊ ವೀಕ್ಷಣಾಲಯದ ಎರಡೂ ಪತ್ತೆಕಾರಕಗಳಿಗೆ ಸಿಕ್ಕಿದ್ದು ಇಂಥದೊಂದು ಜೋಡಿಯ ಕೊನೆಯ ಕೆಲವು ಸುತ್ತುಗಳು. ಒಂದು ಸುಮಾರು 36 ಸೂರ್ಯರಷ್ಟು, ಇನ್ನೊಂದು 29. ಸೇರಿ ಆದದ್ದು 62. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಗುರುತ್ವ ಅಲೆಯಾಗಿ ಹೋಯಿತು. ಲೈಗೊಗೆ ಕೇಳಿಸಿದ ಭಾಗ ಸೆಕೆಂಡಿನ ಐದನೇ ಒಂದು ಪಾಲು. ಅದು 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದಿತ್ತು. ಸೇರಿದ ಮೇಲೂ ಹೊಸ ಕಪ್ಪುಕುಳಿ ತಕ್ಷಣ ಸುಮ್ಮನಾಗುವುದಿಲ್ಲ, ಗಂಟೆ ಹೊಡೆದ ಮೇಲೆ ಉಳಿಯುವ ಮೊಳಗಿನಂತೆ ಕಂಪಿಸಿ ಅಡಗುತ್ತದೆ. ಕದಡಿದ ಕಪ್ಪುಕುಳಿ ಹೀಗೆ ಮೊಳಗಿ ಅಡಗುತ್ತದೆ ಎಂಬುದನ್ನು ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಲೈಗೊ ತನ್ನ ಫಲಿತಾಂಶವನ್ನು ಪ್ರಕಟಿಸಿದ್ದು 2016ರ ಫೆಬ್ರವರಿ 11ರಂದು, ಅವರು ಇನ್ನೂ ನಮ್ಮ ನಡುವೆ ಇದ್ದಾಗಲೇ.